ಕೆರೆ ಏರಿಯ ಮೇಲೆ ಹಿಡಿದ ಜಾಕೆಟ್

ಎರಡು ವರ್ಷದ ಹಿಂದೆ, ದೀಪಾವಳಿ ಕಳೆದ ಮೊದಲ ಭಾನುವಾರ ನಡೆದದ್ದು. ಗೊರಗುಂಟೆಪಾಳ್ಯದ ಹತ್ತಿರದ ಗಾರ್ಮೆಂಟ್ಸ್ ಒಂದರಲ್ಲಿ ನಾನು ಸ್ಯಾಂಪಲ್ ವಿಭಾಗ ನೋಡಿಕೊಳ್ಳುತ್ತೇನೆ. ವಿದೇಶಿ ಕಂಪನಿಯೊಂದಕ್ಕೆ ನಮ್ಮಲ್ಲಿ ಉಡುಪು ಹೊಲಿಯುತ್ತಾರೆ. ಬಟ್ಟೆ ತಿರುಪೂರಿನಿಂದ, ಜಿಪ್ಪು ಚೀನಾದಿಂದ ಬರುತ್ತದೆ. ಇಷ್ಟು ಕೈ ದಾಟುವಾಗ ಹೊಸ ಡಿಸೈನ್ ಎಲ್ಲೂ ಸೋರಬಾರದು. ಅಂಗಡಿಗೆ ಬರುವ ಮೊದಲೇ ನಕಲು ಬೀದಿಗೆ ಬಂದರೆ ನಮಗೆ ಆರ್ಡರ್ ತಪ್ಪಿದಂತೆಯೇ. ಅದಕ್ಕೇ ಉಳಿದ ಸ್ಯಾಂಪಲ್‌ಗಳನ್ನು ನಾನೇ ಮುಂದೆ ನಿಂತು ಕತ್ತರಿಸಿ ಹಾಕಿಸುತ್ತೇನೆ.

ಆ ಬೆಳಿಗ್ಗೆ ಪಕ್ಕದ ಮನೆಯ ಮಂಜಕ್ಕನ ಜೊತೆ ಜಕ್ಕೂರು ಕೆರೆಯ ಏರಿ ಮೇಲೆ ವಾಕಿಂಗ್ ಹೋಗಿದ್ದೆ. ಮುಂದೆ ಮಹಿಳೆಯೊಬ್ಬರು ನಡೆಯುತ್ತಿದ್ದರು. ಅವರ ಜಾಕೆಟ್ ನೋಡಿ ಗಕ್ಕನೆ ನಿಂತೆ. ಬೆನ್ನ ಮೇಲೆ ಹಳದಿ ದಾರದ ಗೀಜಗನ ಗೂಡು! ಮುಂದಿನ ಚಳಿಗಾಲಕ್ಕೆ ಬರಬೇಕಾದ, ಹೊರಗೆ ಯಾರೂ ನೋಡಿರದ ನಮ್ಮ ಡಿಸೈನ್.

ಓಡಿದೆ. “ಏಯ್, ಇಂಗ್ಯಾಕ್ ಓಡ್ತೀಯೇ?” ಎಂದು ಮಂಜಕ್ಕ ಕೂಗಿದರು. ದಾರಿಯಲ್ಲಿ ಚಪ್ಪಲಿ ಕಿತ್ತುಹೋಯಿತು. ಅದನ್ನು ಕೈಯಲ್ಲಿ ಹಿಡಿದೇ ಓಡಿದೆ. ಆ ಮಹಿಳೆ ತಿರುಗಿ ನೋಡಿ ಗಾಬರಿಯಿಂದ ತಾವೂ ಓಡತೊಡಗಿದರು! ಕೊನೆಗೆ ಅವರ ತೋಳು ಹಿಡಿದು ನಿಲ್ಲಿಸಿದೆ.

“ಏನ್ರೀ ಇದು, ಚಪ್ಪಲಿ ಹಿಡ್ಕೊಂಡ್ ಅಟ್ಟಿಸ್ಕೊಂಡ್ ಬರ್ತಿದ್ದೀರಾ?”

“ಈ ಜಾಕೆಟ್ ನಿಮಗೆ ಯಾರು ಕೊಟ್ರು ಹೇಳಿ.”

“ನಂದೇ ಕಣ್ರೀ!”

“ಚಾನ್ಸೇ ಇಲ್ಲ. ಇದಿನ್ನೂ ಅಂಗಡಿಗೇ ಬಂದಿಲ್ಲ.”

ಅಷ್ಟರಲ್ಲಿ ಮಂಜಕ್ಕ ಏದುಸಿರು ಬಿಡುತ್ತಾ ಬಂದು, “ನಿಜ ಯೇಳ್ಬಿಡಮ್ಮ, ಎಲ್ಲಿಂದ ಎತ್ಕೊಂಡ್ ಬಂದೆ?” ಎಂದರು. ವಾಕಿಂಗಿಗೆ ಬಂದವರೆಲ್ಲ ಸುತ್ತ ನಿಂತರು. ಆ ಮಹಿಳೆ ನನ್ನ ಮುಖವನ್ನೇ ನೋಡಿ, “ನೀವು ಫ್ಯಾಕ್ಟರಿಯವರಾ? ನಾಳೆ ನಾನು ನಿಮ್ಮಲ್ಲಿಗೇ ಬರ್ತಿದ್ದೀನಿ. ಈ ಗೂಡು ಬರೆದಿದ್ದು ನಾನೇ” ಎಂದರು. ನಾನು ನಂಬಲಿಲ್ಲ. ಅವರ ಹೆಸರು ಕೇಳಿಕೊಂಡು ಮ್ಯಾನೇಜರಿಗೆ ಫೋನ್ ಮಾಡಿ, ಹಿಡಿದು ನಿಲ್ಲಿಸಿದ್ದನ್ನು ಹೇಳಿ ಸ್ಪೀಕರ್ ಹಾಕಿದೆ.

“ಅಯ್ಯೋ ಶಾಹೀನಾ, ಅವರು ನಮಗೆ ಆರ್ಡರ್ ಕೊಡೋ ಕಂಪನಿ ಹೆಡ್ ಡಿಸೈನರ್ ಕಣಮ್ಮ! ಮೊದಲು ಅವರನ್ನ ಬಿಡು!”

ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಕೆಲಸ ಹೋಯಿತು ಎಂದೇ ಅಂದುಕೊಂಡೆ. ಆದರೆ ಅವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. “ತಪ್ಪು ನಂದೇ. ಆರ್.ಟಿ. ನಗರದಲ್ಲಿರೋ ಅಮ್ಮಂಗೆ ತೋರಿಸೋಣ ಅಂತ ಮೊದಲನೇ ಪೀಸ್ ತಂದಿದ್ದೆ. ಚಳಿ ಅಂತ ಹಾಕ್ಕೊಂಡ್ಬಿಟ್ಟೆ” ಎಂದರು.

“ಬಾರಮ್ಮ, ಕಾಪಿ ಕುಡ್ಕೊಂಡ್ ಓಗು” ಎಂದು ಮಂಜಕ್ಕ ಅವರನ್ನು ಮನೆಗೇ ಎಳೆದುಕೊಂಡು ಹೋದರು. ಚಿಕ್ಕಂದಿನಲ್ಲಿ ಇದೇ ಕೆರೆಯ ಜೊಂಡಿನ ಬಳಿ ಗೀಜಗ ಗೂಡು ಹೆಣೆಯುವುದನ್ನು ನೋಡುತ್ತಾ ಕೂತಿದ್ದನ್ನು ಅವರು ಕಾಫಿ ಕುಡಿಯುತ್ತಾ ಹೇಳಿದರು. ಅದನ್ನು ದಾರದಲ್ಲಿ ತರಲು ಎಷ್ಟೋ ಸಲ ಬರೆದು ಹರಿದು ಹಾಕಿದ್ದರಂತೆ.

ಮರುದಿನ ಮೀಟಿಂಗಿನಲ್ಲಿ ಎಲ್ಲರೆದುರು ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, “ನನ್ನ ಡಿಸೈನ್‌ಗೋಸ್ಕರ ಇಷ್ಟು ದೂರ ಓಡಿದವರು ಇವರೊಬ್ಬರೇ” ಎಂದರು. ಚಪ್ಪಾಳೆಯೋ ಚಪ್ಪಾಳೆ.

ಅಲ್ಲಿಯವರೆಗೆ ಡಿಸೈನ್ ಎಂದರೆ ನನಗೆ ಬೀರುವಿನಲ್ಲಿಟ್ಟು ಬೀಗ ಹಾಕಬೇಕಾದ ವಸ್ತು, ಅಷ್ಟೆ. ಈಗ ಹೊಸದೊಂದು ಬಂದಾಗಲೆಲ್ಲ ನನ್ನ ಮೊದಲ ಪ್ರಶ್ನೆ, “ಇದನ್ನ ಬರೆದವರು ಯಾರು ಸಾರ್?”