ಫ್ಯೂಸಿಗೆ ಸುತ್ತಿದ ಬೇಗಡೆ

ಹೋದ ವಾರ ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ನನ್ನ ಹಳೆಯ ಕಾರಿಗೆ ಹೊಸ ಸ್ಟೀರಿಯೊ ಕೂಡಿಸುತ್ತಿದ್ದರು. ಒಂದು ವೈರು ಸುಟ್ಟಿತು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಹಿಂದಿನ ಬಾಗಿಲನ್ನು ತೆಗೆದು ನಿಂತಿದ್ದೆ. ಒಳಗೆ ಯಾರೂ ಇರಲಿಲ್ಲ...

ಕುಂದಗೋಳದಲ್ಲಿ ನಮ್ಮ ಬಾಜೂಮನೆಯವರನ್ನು ನಾವು ಕಾಕಾ ಎನ್ನುತ್ತಿದ್ದೆವು. ಅವರಲ್ಲೊಂದು ಹಳೆಯ ಕಾರಿತ್ತು. ಒಳಗಿನ ಹಿಡಿಕೆಗಳು ಮುರಿದು, ಹಿಂದಿನ ಬಾಗಿಲುಗಳು ಹೊರಗಿನಿಂದ ಮಾತ್ರ ತೆರೆಯುತ್ತಿದ್ದವು. ಕಾಕಾ ಅದನ್ನು ರಿಪೇರಿ ಮಾಡಿಸಲಿಲ್ಲ. ಡಿಕ್ಕಿ ತುಂಬುವಷ್ಟು ದೊಡ್ಡ ಸ್ಪೀಕರ್ ಬಾಕ್ಸು, ಆಂಪ್ಲಿಫೈಯರು ತಂದರು. ಬ್ಯಾಟರಿಯಿಂದ ಡಿಕ್ಕಿಯವರೆಗೆ, ಕಾಲಡಿಯ ಚಾಪೆಯ ಕೆಳಗೆ ತಾವೇ ವೈರು ಎಳೆದರು. ಸದ್ದು ಏರಿಸಿದಾಗಲೆಲ್ಲ ಫ್ಯೂಸು ಹಾರುತ್ತಿತ್ತು. ಅದಕ್ಕೆ ಅವರು ಸಿಗರೇಟು ಪಾಕೀಟಿನ ಬೇಗಡೆಯನ್ನು ಮಡಚಿ ಸುತ್ತಿದರು.

"ಕಾಕಾ, ವೈರ್ ಸುಡಬಾರದಂತನ ಫ್ಯೂಸ್ ಹಾರತೈತ್ರಿ," ಎಂದೆ. ನಾನಾಗ ಹೊಸದಾಗಿ ಶಾಲೆಗೆ ಸೇರಿದ ಮಾಸ್ತರ.

"ಮಾಸ್ತರ ಅದಿ, ಸಾಲ್ಯಾಗ ಹೇಳ್ಹೋಗಲೇ. ಈಗ ಕೇಳು, ಹೆಂಗ ಗುಡಗತೈತಿ."

ಗುಡುಗಿತು, ನಿಜ. ಗಾಜು ಇಳಿಸಿ ಬಸ್ ಸ್ಟ್ಯಾಂಡಿನ ಮುಂದೆ ನಿಧಾನವಾಗಿ ಹಾಯುವುದೇ ಅವರ ದೊಡ್ಡಸ್ತಿಕೆ. ಮಂದಿ ತಿರುಗಿ ನೋಡಿದರೆ ಸಾಕು, ಅದನ್ನೇ ಮರ್ಯಾದೆ ಎಂದು ತಿಳಿದ ಮನುಷ್ಯ. ಹಿಂದಿನ ಸೀಟಿನಲ್ಲಿ ಅವರ ಹೆಂಡತಿ, ನಮ್ಮ ಕಾಕಿ, ಕಿವಿಗೆ ಸೆರಗು ಒತ್ತಿಕೊಂಡು ಕೂತಿರುತ್ತಿದ್ದರು.

ಒಂದು ಮಧ್ಯಾಹ್ನ ಕಾಕಿಯನ್ನು ತವರುಮನೆಗೆ ಬಿಡಲು ಮೊರಬಕ್ಕೆ ಹೊರಟಿದ್ದೆವು. ನಾನು ಮುಂದೆ ಕೂತಿದ್ದೆ. ಊರು ಇನ್ನೂ ಸ್ವಲ್ಪ ದೂರವಿತ್ತು. ಕಾಕಿಯ ಕಾಲ ಬಳಿ, ಚಾಪೆಯ ಕೆಳಗಿನಿಂದ ಹೊಗೆ ಎದ್ದಿತು. ಕಾಕಾ ಬ್ರೇಕು ಹಾಕಿದರು, ಇಳಿದರು, ಓಡಿದರು. ಓಡಿದ್ದು ಡಿಕ್ಕಿಗೆ. ನಾನು ಇಳಿಯುವಷ್ಟರಲ್ಲಿ ಕಾಕಿ ಅಂಗೈಯಿಂದ ಗಾಜು ಬಡಿಯುತ್ತಿದ್ದರು. ಹೊಗೆಯಲ್ಲಿ ಅಂಗೈ ಮಾತ್ರ ಕಾಣುತ್ತಿತ್ತು.

"ಅಕೀನ್ನ ಬಿಡಲೇ, ಮೊದಲ ಇತ್ತ ಬಾ, ಬಾಕ್ಸ್ ಹಿಡಿ," ಎಂದರು ಕಾಕಾ.

ನಾನು ತಪ್ಪಾಗಿ ಕೇಳಿಸಿಕೊಂಡಿರಬಹುದೇ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಇಲ್ಲ. ಅವರು ಅಂದದ್ದು ಅಷ್ಟೇ, ಹಾಗೆಯೇ.

ನಾನು ಬಾಗಿಲು ತೆಗೆದೆ. ಹಿಂದೆ ಬಂದ ಟ್ರ್ಯಾಕ್ಟರಿನವರು ಹೊಲದ ಮಣ್ಣು ಸುರಿದು ಬೆಂಕಿ ಆರಿಸಿದರು. ಕಾಕಿಯ ಪಾದದ ಮೇಲೆ ಬೊಬ್ಬೆಗಳು ಎದ್ದಿದ್ದವು. ಬದುವಿನ ಮೇಲೆ ಕೂತು, ಕೆಮ್ಮು ನಿಂತ ಮೇಲೆ ಅವರು ನನ್ನನ್ನು ಹತ್ತಿರ ಕರೆದರು.

"ಯಾರ ಮುಂದೂ ಹೇಳಬ್ಯಾಡಪಾ. ಮಂದಿ ಅವರಿಗೆ ನಗತಾರ."

ನಾನು ಹೇಳಲಿಲ್ಲ. ಕಾಕಾ ಮಾತ್ರ ಹೇಳುತ್ತಲೇ ಬಂದರು. ಅವರ ಕಥೆಯಲ್ಲಿ ಅವರೇ ಬಾಗಿಲು ತೆಗೆದಿದ್ದರು. ಕಾಕಿ ಚಹಾ ಕೊಟ್ಟು ಒಳಗೆ ಹೋಗುತ್ತಿದ್ದರು.

ಈಗ ಕಾಕಿ ಇಲ್ಲ. ಮೊನ್ನೆ ಮಾತಾಡಿಸಲು ಹೋದಾಗ, ಬಂದವರ ಮುಂದೆ ಕಾಕಾ ಅದೇ ಕಥೆ ತೆಗೆದರು.

"ಕಾಕಾ, ಬಾಗಲಾ ತೆಗದಾಂವ ನಾನು," ಎಂದೆ.

ಕಾಕಾ ನನ್ನತ್ತ ನೋಡಲಿಲ್ಲ. "ಅಕಿ ಇದ್ದಿದ್ರ ಖರೇ ಏನಂತ ಹೇಳತಿದ್ಲು," ಎಂದರು.

ಇದ್ದಿದ್ದರೂ ಕಾಕಿ ಹೇಳುತ್ತಿರಲಿಲ್ಲ. ಅದು ಕಾಕಾಗೂ ಗೊತ್ತಿತ್ತು.