ಸಾರಿಸಿದ ಶೆಡ್ಡು, ತಿಪ್ಪೆಯಲ್ಲಿನ ಕೌದಿಗಳು

ನಮ್ಮ ಕೌದಿ ಹೊಲಿಯುವ ಶೆಡ್ಡಿಗೆ ಬೆಂಕಿ ಬಿದ್ದದ್ದು ಒಂದು ಅನಾಹುತವಾದರೆ, ಅದಕ್ಕಿಂತ ದೊಡ್ಡ ಅನಾಹುತ ನಾಲ್ಕು ದಿನ ಬಿಟ್ಟು ನಾವೇ ಕಸಬರಿಗೆ ಹಿಡಿದು ಮಾಡಿದ್ದು.

ಮೊದಲು ಬೆಂಕಿಯ ಮಾತು ಮುಗಿಸಿಬಿಡುತ್ತೇನೆ. ಮುದ್ದೇಬಿಹಾಳದಿಂದ ತಾಳಿಕೋಟೆಗೆ ಹೋಗುವ ದಾರಿಯಲ್ಲಿ ನಮ್ಮ ಊರು. ಹಿತ್ತಿಲಲ್ಲಿ ಕಲ್ಲಿನ ಗೋಡೆ, ಮೇಲೆ ತಗಡು, ಅದೇ ಶೆಡ್ಡು. ಅತ್ತೆ, ನಾನು, ಓಣಿಯ ಐದು ಜನ ಹೆಂಗಸರು ಅಲ್ಲಿ ಕೂತು ಹಳೆಯ ಸೀರೆ, ಧೋತರಗಳನ್ನು ಪದರು ಪದರಾಗಿ ಹಾಸಿ, ಕೈಯಲ್ಲೇ ದಾರ ಎಳೆದು ಕೌದಿ ಮಾಡುತ್ತಿದ್ದೆವು. ಶೆಡ್ಡಿಗೆ ವೈರು ಎಳೆದವನು ಅತ್ತೆಯ ತಂಗಿಯ ಮಗ. ಕರೆಂಟಿನ ಕೆಲಸವೊಂದು ಬಿಟ್ಟು ಅವನಿಗೆ ಉಳಿದದ್ದೆಲ್ಲ ಬರುತ್ತಿತ್ತು. ಒಂದು ಮಧ್ಯಾಹ್ನ ಓಣಿಯ ಬಸುರಿಯೊಬ್ಬಳ ಕುಬಸದ ಊಟಕ್ಕೆ ಹೋಗಿದ್ದೆವು. ಹೋಳಿಗೆಯ ಮೇಲೆ ತುಪ್ಪ ಬೀಳುವ ಹೊತ್ತಿಗೆ ನಮ್ಮ ಹಿತ್ತಿಲ ಕಡೆ ಹೊಗೆ ಎದ್ದಿತು. ಓಡಿ ಬಂದು ಕೊಡಗಟ್ಟಲೆ ನೀರು ಸುರಿದೆವು. ಉಳಿದದ್ದು ನಾಲ್ಕು ಗೋಡೆ ಮತ್ತು ಅತ್ತೆಯ ಬಾಯಿ.

ಶೆಡ್ಡಿಗೆ ಸಾಲ ಕೊಡುವಾಗ ಬ್ಯಾಂಕಿನವರು ವಿಮೆಯ ಕಾಗದಕ್ಕೂ ಸಹಿ ಹಾಕಿಸಿಕೊಂಡಿದ್ದರು. "ಬೆಂಕಿ ಬೀಳ್ಲಿ ಅಂತ ಹರಕಿ ಹೊತ್ತಾಂಗ ಆತಲ್ರಿ ಇದು" ಎಂದು ಆವತ್ತು ನಾನು ಗೊಣಗಿದ್ದೆ. ಈಗ ಅದೊಂದೇ ಕಾಗದ ಗತಿ. ವಿಮೆ ಬಂದರೆ ತಗಡು ಏರುತ್ತದೆ, ಏಳು ಸೂಜಿಗಳು ಮತ್ತೆ ಓಡುತ್ತವೆ. ಬಾರದಿದ್ದರೆ ಏಳೂ ಜನ ಮಂದಿಯ ಹೊಲಕ್ಕೆ ಹತ್ತಿ ಬಿಡಿಸಲು ಹೋಗಬೇಕು. ಅತ್ತೆಯ ಮೊಣಕಾಲಿಗೆ ಅದೂ ಆಗದು.

ವಿಮೆಯ ಸರ್ವೇದವರ ಫೋನು ಬಂದಾಗ ಎತ್ತಿದವರು ಅತ್ತೆ.

"ನಾಡದು ಬರ್ತೇನ್ರಿ ಅಮ್ಮಾರ. ಏನೂ ಮುಟ್ಟಾಕ ಹೋಗಬ್ಯಾಡ್ರಿ, ಹೆಂಗೈತಿ ಹಂಗ ಇರ್ಲಿ."

ನಮ್ಮ ಕಡೆ ಮನೆಗೆ ಬರುವ ಪ್ರತಿಯೊಬ್ಬ ಬೀಗರೂ ಹೀಗೇ ಹೇಳುತ್ತಾರೆ. ಏನೂ ಮಾಡಾಕ ಹೋಗಬ್ಯಾಡ್ರಿ, ಬರೇ ನೀರು ಕುಡದು ಹೋಗ್ತೇವಿ ಅಂತ. ಅದನ್ನು ನಂಬಿ ಬರೀ ನೀರು ಕೊಟ್ಟವರ ಹೆಸರು ಮೊಮ್ಮಕ್ಕಳ ಮದುವೆಯ ತನಕ ಕೆಟ್ಟಿರುತ್ತದೆ.

"ಪಾಪ, ಚಲೋ ಮನಶಾ ಇದ್ದಾನ," ಅಂದರು ಅತ್ತೆ ಫೋನಿಟ್ಟು. "ಆದ್ರ ಅಂವ ಅಂದಾ ಅಂತ ಹಂಗ ಬಿಡಾಕ ಬರ್ತೈತೇನು? ಬಿಜಾಪುರದಿಂದ ಬಂದ ಮನಶಾಗ ಬೂದಿ ತೋರಸೂದ? ಮಂದಿ ಏನಂದಾರು!"

ಏಳೂ ಜನ ಸೆರಗು ಕಟ್ಟಿದೆವು. ಬೂದಿ, ಕರಕಲು ಚಿಂದಿಗಳನ್ನೆಲ್ಲ ಬುಟ್ಟಿಬುಟ್ಟಿ ತುಂಬಿ ತಿಪ್ಪೆಗೆ ಹಾಕಿದೆವು. ಗೋಡೆ ತೊಳೆದು ಸುಣ್ಣ ಬಳಿದೆವು, ನೆಲ ಸಾರಿಸಿದೆವು. ಹೊಸ್ತಿಲಿಗೆ ರಂಗೋಲಿ ಹಾಕಿದವಳು ನಾನೇ. ಸುಳ್ಳು ಯಾಕೆ, ಕೆಂಪು ಬಣ್ಣ ತುಂಬಿದವಳೂ ನಾನೇ.

ಸರ್ವೇದ ಸಾಹೇಬರು ಬೈಕು ನಿಲ್ಲಿಸಿ, ಹೆಲ್ಮೆಟ್ಟು ಕೈಯಲ್ಲಿ ಹಿಡಿದು ಆ ರಂಗೋಲಿಯ ಮುಂದೆ ನಿಂತರು.

"ಬೆಂಕಿ ಬಿದ್ದಿದ್ದು ಎಲ್ರಿ?"

"ಇಲ್ಲೇರಿ ಸರ್" ಎಂದೆ.

"ಇಲ್ಲಿ? ನಮ್ಮನಿ ದೇವರ ಖೋಲಿನೂ ಇಷ್ಟು ಸ್ವಚ್ಛ ಇಲ್ರಿ ಅಕ್ಕಾರ!"

ಅತ್ತೆಗೆ ಇದು ಹೊಗಳಿಕೆಯಾಗಿಯೇ ಕೇಳಿಸಿತು. "ನೀವು ಬರ್ತೀರಿ ಅಂದ ಮ್ಯಾಲ ಅಷ್ಟೂ ಮಾಡ್ದ ಇರ್ತೇವೇನ್ರಿ ಸಾಹೇಬ್ರ? ಕುಂದರ್ರಿ, ಉಪ್ಪಿಟ್ಟು ಆರಾಕತ್ತೈತಿ."

ಅವರು ತಲೆಯ ಮೇಲೆ ಕೈಯಿಟ್ಟುಕೊಂಡೇ ಕುಳಿತರು. ಬೆಂಕಿ ಬಿದ್ದದ್ದಕ್ಕೆ ಪಂಚನಾಮೆ ಇತ್ತು. ಪಕ್ಕದ ಮನೆಯವನು ನಮ್ಮ ಹೊಗೆಯ ವಿಡಿಯೋಕ್ಕೆ ಡಿಜೆ ಹಾಡು ಹಚ್ಚಿ ವಾಟ್ಸಾಪ್ ಸ್ಟೇಟಸ್ ಇಟ್ಟಿದ್ದ, ಅವನ ಫೋನಿನಲ್ಲಿ ಉಳಿದಿದ್ದ ಅದನ್ನೂ ನೋಡಿದರು. ಆದರೆ ಸುಟ್ಟ ಕೌದಿ ಎಷ್ಟು?

"ಅರ್ಜ್ಯಾಗ ಮೂವತ್ತೆರಡು ಅಂತ ಬರದೀರಿ. ಮಾಲಿನ ಬಿಲ್ಲು?"

"ಹಳೇ ಸೀರಿಗಿ ಎಲ್ಲೀ ಬಿಲ್ಲರಿ ಸರ್?"

"ಸುಟ್ಟ ಕೌದಿನರ ತೋರಸ್ರಿ. ಎಣಸಾಕ ಏನರೆ ಬೇಕಲ್ರಿ ನನಗ. ಇಲ್ಲಂದ್ರ ಸೊನ್ನಿ ಬರದು ಹೋಗಬೇಕಾಗ್ತೈತಿ."

ಆಗ ಅತ್ತೆ, "ಗೆಜ್ಜಿ ಎಣಸ್ರಿ" ಅಂದರು.

ನಮ್ಮ ಮನೆಯ ಕೌದಿಯ ಒಂದು ಮೂಲೆಯಲ್ಲಿ ರೊಟ್ಟಿಯ ಚೂರು ಇಟ್ಟು ಹೊಲಿಯುತ್ತೇವೆ, ಕೌದಿಯ ಹೊಟ್ಟೆ ಹಸಿದಿರಬಾರದು ಅಂತ. ಇನ್ನೊಂದು ಮೂಲೆಯಲ್ಲಿ ಒಂದು ಹಿತ್ತಾಳೆ ಗೆಜ್ಜೆ. ಇದು ಮಾತ್ರ ಅತ್ತೆಯ ಸ್ವಂತ ಕಾಯಿದೆ. ಅದರ ಕಾರಣವನ್ನು ಅವರು ಸಾಹೇಬರಿಗೆ ಯಾವ ಸಂಕೋಚವೂ ಇಲ್ಲದೆ ಹೇಳಿದರು.

"ಗಂಡಾ ಹೆಂಡ್ತಿ ಒಂದ ಕೌದಿ ಹೊತಗೊಂಡ್ರ ಯಾರು ತಮ್ಮ ಕಡೆ ಎಳಕೊಂತಾರ ಗೊತ್ತಾಗಬೇಕಲ್ರಿ. ನಮ್ಮ ಮನಿಯವರು ನಲವತ್ತು ವರ್ಷ ಎಳದ್ರು. ಮುಂಜಾನಿ ಎದ್ದು, ನಾ ಎಲ್ಲಿ ಎಳದೆ ಅಂತಿದ್ರು."

"ನಮ್ಮನ್ಯಾಗ ನಾ ಅಲ್ರಿ, ಆಕಿ ಎಳೀತಾಳ" ಎಂದುಬಿಟ್ಟರು ಸಾಹೇಬರು. ಹೇಳಿದ ಮೇಲೆ ಫೈಲು ತಿರುವತೊಡಗಿದರು.

ಬಟ್ಟೆ ಸುಟ್ಟೀತು, ಹಿತ್ತಾಳೆ ಸುಡುವುದಿಲ್ಲವಲ್ಲ! ಜೋಳದ ಸಾಣಿಗೆ ಹಿಡಿದು ಏಳೂ ಜನ ತಿಪ್ಪೆಗೆ ನಡೆದೆವು. ಸಾಹೇಬರು ಗಾಳಿಯ ಎದುರು ಬದಿಗೆ ಕುರ್ಚಿ ಹಾಕಿಸಿಕೊಂಡು ಮೂಗಿಗೆ ಕರವಸ್ತ್ರ ಹಿಡಿದರು. ಸಗಣಿ ಸರಿಸಿ ಬೂದಿ ಜರಡಿ ಹಿಡಿದಾಗ ಮೊದಲ ಗೆಜ್ಜೆ ಕಂಡಿತು. ಮಸಿ ಹಿಡಿದಿತ್ತು, ಕೊಂಡಿಗೆ ಕರಕಲು ದಾರ ಅಂಟಿತ್ತು.

"ಇದು ಎತ್ತಿನ ಕೊಳ್ಳಾಗಿಂದು ಯಾಕ ಇರಬಾರ್ದ್ರಿ?"

"ಸಾಹೇಬ್ರ, ನೀವು ಎತ್ತು ನೋಡೀರಿಲ್ಲೋ?" ಅತ್ತೆ ಸೊಂಟಕ್ಕೆ ಕೈಯಿಟ್ಟರು. "ಎತ್ತಿನ ಗೆಜ್ಜಿ ನಿಂಬಿಕಾಯಿಯಷ್ಟು ಇರ್ತಾವು. ಇವು ಕೂಸಿನ ಕಾಲಿನವು. ಬಾಗೇವಾಡಿ ಬಜಾರದಾಗ ನಾನ ಆರಿಸಿ ತಂದೇನಿ."

ಸಾಹೇಬರು ಉಗುರಿನಿಂದ ಕೆರೆದು ನೋಡಿದರು, ಮೂಸಿಯೂ ನೋಡಿದರು, ಯಾಕಾದರೂ ಮೂಸಿದೆನೋ ಎಂಬಂತೆ ಮುಖ ಮಾಡಿದರು. ಆಮೇಲೆ ಹಾಳೆಯ ಮೇಲೆ ಒಂದು ಗೆರೆ ಎಳೆದರು.

ಹೊತ್ತು ಇಳಿಯುವಾಗ ಗೆರೆಗಳು ಇಪ್ಪತ್ತೊಂಬತ್ತು. ಇನ್ನು ಮೂರು ಎಷ್ಟು ಜರಡಿ ಹಿಡಿದರೂ ಸಿಗಲಿಲ್ಲ. ಮನೆಯ ಡಬ್ಬಿಯಲ್ಲಿ ಹೊಸ ಗೆಜ್ಜೆಗಳಿದ್ದವು. ನಾನು ಅತ್ತೆಯ ಕಿವಿಯಲ್ಲಿ, "ಮಸಿ ಹಚ್ಚಿ ಮೂರು ಒಗದುಬಿಡ್ಲೇನ್ರಿ ಅತ್ತಿ?" ಎಂದೆ.

"ಸುಳ್ಳು ಹೇಳೂದಾದ್ರ ಮೂವತ್ತಕ್ಕ ಹೇಳ್ಬೇಕಿತ್ತು. ಮೂರಕ್ಕ ಯಾಕ ಹೇಳ್ತಿ? ಕೈ ತೊಳಕೋ ನಡಿ."

ವರದಿಯಲ್ಲಿ ಇಪ್ಪತ್ತೊಂಬತ್ತೇ ಆಯಿತು. ತಿಂಗಳುಗಳೇ ಕಳೆದ ಮೇಲೆ ಮಂಜೂರಾತಿಯ ಕಾಗದ ಬಂತು. ಅದರಲ್ಲಿ ನಮ್ಮ ಕೌದಿಗಳನ್ನು 'ಉಪಯೋಗಿಸಿದ ಬಟ್ಟೆಯ ವಸ್ತುಗಳು' ಎಂದು ಬರೆದಿದ್ದರು. ಓದಿ ಹೇಳಿದಾಗ ಅತ್ತೆ ಸಿಟ್ಟಿಗೆದ್ದು, ಬರೆದವನಿಗೆ ಜನ್ಮದಲ್ಲಿ ಬೆಚ್ಚಗೆ ನಿದ್ದೆ ಬರಬಾರದು ಎಂದು ಶಾಪ ಹಾಕಿದರು. ಆದರೂ ತಗಡು ಏರಿತು. ವೈರು ಎಳೆಯಲು ಅತ್ತೆಯ ತಂಗಿಯ ಮಗ ಬಂದಾಗ ಚಹಾ ಕುಡಿಸಿ ವಾಪಸು ಕಳಿಸಿದೆವು.

ಹೊಸ ಶೆಡ್ಡಿನಲ್ಲಿ ಮೊದಲ ಕೌದಿಯ ಕೊನೆಯ ಮೂಲೆಗೆ ಬಂದಾಗ ಅತ್ತೆ ನನ್ನ ಕೈಯಲ್ಲಿ ಎರಡು ಗೆಜ್ಜೆ ಇಟ್ಟರು.

"ಎರಡ್ಯಾಕ್ರಿ ಅತ್ತಿ?"

"ಒಂದು ಎಳಕೊಳ್ಳೋ ಗಂಡಗ. ಇನ್ನೊಂದು ವಿಮಾ ಕಂಪನಿಯವ್ರಿಗಿ, ಎಣಸಾಕ. ಹೊಲಿ ಸುಮ್ನ."