ಕೊಬ್ಬಿನ ಗುಳ್ಳೆಗಳು ತಾವಾಗಿ ಸೇರಿದ ವಾರ

ಅಪ್ಪ ಮುಂಬೈಯ ಚೆಂಬೂರಿನ ಹೋಟೆಲೊಂದರಲ್ಲಿ ದೋಸೆ ಹೊಯ್ಯುತ್ತಿದ್ದರು. ನಾನು ಪಿಎಚ್.ಡಿ. ಮಾಡುತ್ತಿದ್ದೆ. ಸಂಜೆ ಲೋಕಲ್ ರೈಲಿನಲ್ಲಿ ಜಜ್ಜಿಹೋಗಿ ಮನೆಗೆ ಬಂದರೆ ಸಾಕು, ಚಹಾ ಕೈಗಿಟ್ಟು ಎದುರು ಕೂತು ಲ್ಯಾಬಿನ ಸುದ್ದಿ ಕೇಳುತ್ತಿದ್ದರು. ಆ ಹೊತ್ತಿಗಾಗಿ ಈಗ ಜೀವ ಹಂಬಲಿಸುತ್ತದೆ. ಆಗ ರೇಗುತ್ತಿತ್ತು. ಏಳನೇ ಕ್ಲಾಸು ಓದಿದವರಿಗೆ ಜೀವಕೋಶದ ಪೊರೆಯನ್ನು ಹೇಗಪ್ಪಾ ವಿವರಿಸುವುದು?

ಆದರೂ ಹೇಳುತ್ತಿದ್ದೆ. ಕೋಶದ ಪೊರೆ ಕೊಬ್ಬಿನದು, ಎರಡು ಪದರ. ಒಳಗೆ ಅಂಥದೇ ಪೊರೆಯ ಪುಟ್ಟ ಚೀಲಗಳಲ್ಲಿ ಸಾಮಾನು ಓಡಾಡುತ್ತದೆ. ಚೀಲ ಅಂಚಿಗೆ ಬಂದು, ಪ್ರೋಟೀನುಗಳ ನೆರವಿನಿಂದ ಎರಡೂ ಪೊರೆ ಬೆರೆತು ಒಂದಾದರೆ ಸಾಮಾನು ಹೊರಗೆ ಬೀಳುತ್ತದೆ.

"ಸಾರಿನ ಮೇಲೆ ಎಣ್ಣೆ ಬೊಟ್ಟು ತನ್ನಷ್ಟಕ್ಕೇ ಸೇರ್ತದಲ್ಲ ಮಾರಾಯ್ತಿ, ಇದಕ್ಕೆ ಪ್ರೋಟೀನು ಎಂತಕ್ಕೆ?" ಎಂದರು ಒಮ್ಮೆ.

ಪ್ರಶ್ನೆ ಸರಿಯಾಗಿಯೇ ಇತ್ತು. ಪೊರೆಯ ಮೈಗೆ ನೀರು ಅಂಟಿಕೊಂಡಿರುತ್ತದೆ, ಸುಲಭಕ್ಕೆ ಜಾಗ ಬಿಡುವುದಿಲ್ಲ ಎಂದೆ. ಚೀಲದ ಪ್ರೋಟೀನೂ ಅಂಚಿನ ಪ್ರೋಟೀನೂ ಹಗ್ಗದ ಎಳೆಗಳಂತೆ ಹೊಸೆದುಕೊಂಡು ಎರಡೂ ಪೊರೆಗಳನ್ನು ಹತ್ತಿರ ಎಳೆಯುತ್ತವೆ. ನೀರು ಸರಿದ ಮೇಲೆ ಬೆರೆಯುವುದು ಕೊಬ್ಬಿನ ಕೆಲಸ.

"ಹಾಗಾದ್ರೆ ಇಬ್ಬರೂ ಬೇಕು," ಎಂದು ತಲೆಯಾಡಿಸಿದರು.

ಐದನೇ ವರ್ಷ ಒಂದು ವಾರ ನನಗೆ ಸ್ವರ್ಗಕ್ಕೆ ಮೂರೇ ಗೇಣು. ಲ್ಯಾಬಿನಲ್ಲಿ ಕೊಬ್ಬಿನಿಂದ ಗುಳ್ಳೆ ಮಾಡಿ, ಕೆಲವಕ್ಕೆ ಹರಡಿದಷ್ಟೂ ಹೊಳೆಯುವ ಬಣ್ಣ ಸೇರಿಸುತ್ತಿದ್ದೆ. ಗುಳ್ಳೆಗಳು ಬೆರೆತರೆ ಬಣ್ಣ ಹರಡಿ ಬೆಳಕು ಏರುತ್ತದೆ. ಪ್ರೋಟೀನು ಹಾಕದ ಟ್ಯೂಬಿನಲ್ಲಿ ಏರಕೂಡದು. ನನ್ನದರಲ್ಲಿ ಏರಿತು, ಮೂರು ಸಲವೂ! ಶುಕ್ರವಾರ ಎಲ್ಲರೆದುರು ತೋರಿಸು ಎಂದರು ಗೈಡ್. ನಿಜವಾದರೆ ಅದೇ ನನ್ನ ಥೀಸಿಸ್. ಸುಳ್ಳಾದರೆ ಐದು ವರ್ಷದ ಕೆಲಸವನ್ನೆಲ್ಲ ಅನುಮಾನದಿಂದ ನೋಡುತ್ತಾರೆ.

ಬುಧವಾರ ಅಪ್ಪನಿಗೆ ಜಂಬದಿಂದ ಹೇಳಿದೆ. ಅವರು ಸ್ವಲ್ಪ ಯೋಚಿಸಿ, "ಆ ಗಾಜಿನ ಪಾತ್ರೆ ತೊಳೆಯುವುದು ಯಾರು?" ಎಂದರು.

"ನಾನೇ. ಬೇರೆಯವರು ತೊಳೆದದ್ದು ನನಗೆ ಹಿಡಿಸುವುದಿಲ್ಲ. ಈ ವಾರದಿಂದ ಸೋಪು ಹಾಕಿ ಎರಡೆರಡು ಸಲ ತೊಳೀತಿದ್ದೇನೆ." ಮನೆಯಿಂದ ಬಂದ ಮಡಿಯ ರೋಗ ಅದು. ಆ ಪಾತ್ರೆಗಳಿಗೆ ಸೋಪು ಬೇಡವೆಂದು ಲ್ಯಾಬಿನ ನಿಯಮವಿತ್ತು, ಸೋಪಿಲ್ಲದೆ ತೊಳೆಯಲು ನನಗೆ ಹೇಸಿಗೆ.

"ದೋಸೆ ಕಾವಲಿಗೆ ನಾವು ಸೋಪು ಮುಟ್ಟಿಸ್ತೇವಾ? ನೀರು ಚಿಮುಕಿಸಿ ಹಿಡಿಸೂಡಿಯಲ್ಲಿ ಗುಡಿಸಿ, ಅರ್ಧ ನೀರುಳ್ಳಿಯಲ್ಲಿ ಎಣ್ಣೆ ಸವರುವುದು, ಅಷ್ಟೆ. ಒಮ್ಮೆ ಹೊಸ ಭಟ್ಟ ಸೋಪು ಹಾಕಿ ಉಜ್ಜಿದ. ಎಣ್ಣೆಯ ಪದರವೇ ಹೋಗಿ ಇಡೀ ದಿನ ದೋಸೆ ಏಳಲಿಲ್ಲ. ನಿನ್ನದೂ ಕೊಬ್ಬೇ ಅಲ್ವಾ?"

"ಅಪ್ಪ, ಇದು ದೋಸೆ ಅಲ್ಲ!" ಎಂದು ಸಿಡುಕಿ ಎದ್ದುಹೋದೆ.

ಮರುದಿನ ಸೋಪು ಕಾಣದ ಹೊಸ ಗಾಜಿನಲ್ಲಿ ಮತ್ತೆ ಮಾಡಿದೆ. ಪ್ರೋಟೀನು ಇಲ್ಲದ ಟ್ಯೂಬಿನಲ್ಲಿ ಬೆಳಕು ಅಲುಗಲೇ ಇಲ್ಲ. ಪ್ರೋಟೀನು ಹಾಕಿದ್ದರಲ್ಲಿ ಚೆನ್ನಾಗಿ ಏರಿತು. ಗುಳ್ಳೆಗಳು ತಾವಾಗಿ ಬೆರೆತಿರಲಿಲ್ಲ. ಗಾಜಿಗಂಟಿದ್ದ ಸೋಪು ಅವುಗಳನ್ನು ಒಡೆದು ಬಣ್ಣ ಚೆಲ್ಲಿತ್ತು, ಬೆಳಕು ಏರಿದ್ದು ಅದಕ್ಕೇ. ನಾಚಿಕೆಯಿಂದ ಸತ್ತೆ.

ಶುಕ್ರವಾರ ಎಲ್ಲರೆದುರು ತಪ್ಪೊಪ್ಪಿಕೊಂಡೆ. ನಕ್ಕರು. ಗೈಡ್ ಮಾತ್ರ ಭೇಷ್ ಎಂದು, ಇದು ಹೇಗೆ ಹೊಳೆಯಿತೆಂದು ಕೇಳಿದರು. ಹಾಗೇ ಹೊಳೆಯಿತು ಎಂದುಬಿಟ್ಟೆ.

ಸಂಜೆ ಅಪ್ಪ ಬಾಗಿಲಲ್ಲೇ ನಿಂತಿದ್ದರು. "ಸೋಪೇ ಅಲ್ವಾ?" ಮುಖದಲ್ಲಿ ಪರೀಕ್ಷೆ ಪಾಸಾದವರ ಉಮೇದು.

ಯಾವ ದೆವ್ವ ಹೊಕ್ಕಿತ್ತೋ. "ಅಲ್ಲಪ್ಪ, ಅದು ಬೇರೆಯೇ ವಿಷಯ. ನಿಮಗೆ ಅರ್ಥ ಆಗ್ಲಿಕ್ಕಿಲ್ಲ," ಎಂದೆ.

"ಓ, ಹೌದಾ," ಎಂದು ಒಳಗೆ ಹೋದರು.

ಆಮೇಲೆ ಅವರು ಹನ್ನೊಂದು ವರ್ಷ ಬದುಕಿದ್ದರು. ನನ್ನ ಕೆಲಸದ ಬಗ್ಗೆ ಮತ್ತೆ ಒಂದು ಮಾತೂ ಕೇಳಲಿಲ್ಲ.